ನೀಲಿ ಮುದ್ರೆಯ ಡಾಲರು

ವಾಷಿಂಗ್ಟನ್
ಭಾನುವಾರ

ಪ್ರೀತಿಯ ಮಾವ,

ನಾನು ಕ್ಷೇಮ, ಚಳಿ ಮಾತ್ರ ವಿಪರೀತ. ಅಮ್ಮನಿಗೆ ಚಳಿಯ ಸುದ್ದಿ ಹೇಳಬೇಡಿ.

ನಿನ್ನೆ ಇಲ್ಲೊಂದು ಹಳೇ ನೋಟು, ನಾಣ್ಯಗಳ ಅಂಗಡಿಗೆ ಹೋಗಿದ್ದೆ. ಡಾಲರಿನ ಮುದ್ರೆ ಹಸಿರು ತಾನೇ? ಅಂಗಡಿಯಾತ ತೆಗೆದಿಟ್ಟ 1957ರ ಒಂದು ಡಾಲರಿನಲ್ಲಿ ಮುದ್ರೆ, ನಂಬರು ಎರಡೂ ನೀಲಿ. ನೆತ್ತಿಯ ಮೇಲೆ ‘ಸಿಲ್ವರ್ ಸರ್ಟಿಫಿಕೇಟ್’ ಎಂದಿದೆ. ಕೇಳಿದವರಿಗೆ ಕೊಡಲು ಒಂದು ಡಾಲರಿನ ಬೆಳ್ಳಿ ಖಜಾನೆಯಲ್ಲಿದೆ ಎಂಬ ಒಕ್ಕಣೆ ಬೇರೆ! 1878ರಲ್ಲಿ ಶುರುವಾದ ಈ ಪದ್ಧತಿಯಲ್ಲಿ ಬೆಳ್ಳಿ ನಾಣ್ಯ ಕೊಡುವುದು 1964ರ ಮಾರ್ಚಿನಲ್ಲಿ ನಿಂತಿತು. ಆಮೇಲೆ ಡಾಲರಿಗೆ ಮುಕ್ಕಾಲು ಔನ್ಸಿಗಿಂತ ತುಸು ಹೆಚ್ಚು ಬರಿ ಬೆಳ್ಳಿ ಕೊಟ್ಟರಂತೆ, 1968ರ ಜೂನ್ 24ರವರೆಗೆ. ಆ ಹೊತ್ತಿಗೆ ಬೆಳ್ಳಿಯ ಬೆಲೆ ಏರಿತ್ತು, ಜಾಣರು ನೋಟು ಕೊಟ್ಟು ಲಾಭ ಹೊಡೆದರು. ಈಗ ಅದಕ್ಕೆ ಬೆಳ್ಳಿ ಸಿಗದು. ಅಂಗಡಿಯಲ್ಲಿ ಕೊಟ್ಟರೆ ಒಂದು ಡಾಲರಿನ ಸಾಮಾನು ಸಿಗುತ್ತದೆ, ಅಷ್ಟೆ.

ಸವೆದ 1957ರ ನೋಟಿಗೆ ಸಂಗ್ರಾಹಕರೂ ಹೆಚ್ಚೇನೂ ಕೊಡುವುದಿಲ್ಲ, ಅದು ರಾಶಿ ರಾಶಿ ಇದೆ. ನಂಬರಿನ ಆರಂಭದಲ್ಲಿ ನಕ್ಷತ್ರವಿದ್ದರೆ ಸ್ವಲ್ಪ ಮರ್ಯಾದೆ: ಅಚ್ಚಿನಲ್ಲಿ ಕೆಟ್ಟ ನೋಟಿನ ಬದಲು ಸೇರಿಸಿದ್ದು ಅದು. ಆತ ಒಂದನ್ನು ದೀಪಕ್ಕೆ ಓರೆಯಾಗಿ ಹಿಡಿದು ನಡುವಿನ ಮಡಿಕೆ ತೋರಿಸಿದ. ನನಗೆ ಕಾಣದ ಆ ಗೆರೆಯೊಂದಕ್ಕೇ ಬೆಲೆ ಇಳಿಯುತ್ತದಂತೆ. ನನ್ನ ಮನಸ್ಸು ಹೋದದ್ದು ‘ಹವಾಯಿ’ ಎಂದು ದಪ್ಪಕ್ಷರದಲ್ಲಿ ಮೇಲಚ್ಚು ಹಾಕಿದ ಕಂದು ಮುದ್ರೆಯ ನೋಟಿಗೆ. 1942ರಲ್ಲಿ ಜಪಾನಿನವರು ಆ ದ್ವೀಪಗಳನ್ನು ಹಿಡಿದರೆ ಅಲ್ಲಿನ ದುಡ್ಡನ್ನೆಲ್ಲ ಒಂದೇಟಿಗೆ ರದ್ದು ಮಾಡಲು ಹೂಡಿದ ಉಪಾಯ.

ಇನ್ನು ನಿಮ್ಮ ಹಳೇ ನಾಣ್ಯಗಳ ಡಬ್ಬಿಯ ವಿಷಯ. ಮೊದಲ ಮಹಾಯುದ್ಧದಲ್ಲಿ ನಮ್ಮಲ್ಲಿ ಬೆಳ್ಳಿಗೆ ಬರ ಬಂದು 1917ರಲ್ಲಿ ಒಂದು ರೂಪಾಯಿ ನೋಟು ಹುಟ್ಟಿತಲ್ಲ? ಜನ ನೋಟು ಹಿಡಿದು ಬೆಳ್ಳಿ ರೂಪಾಯಿಗೆ ಮುಗಿಬಿದ್ದರು. ಆಗ ಬ್ರಿಟಿಷರು ಅಮೆರಿಕದ ಕೈಹಿಡಿದರು. 1918ರ ಪಿಟ್‌ಮನ್ ಕಾಯ್ದೆಯಂತೆ ಅಮೆರಿಕದವರು ಸುಮಾರು 27 ಕೋಟಿ ಬೆಳ್ಳಿ ಡಾಲರು ಕರಗಿಸಿದರು, ಅದರಲ್ಲಿ ಸುಮಾರು 26 ಕೋಟಿಯ ಬೆಳ್ಳಿ ಭಾರತಕ್ಕೆಂದೇ ಮಾರಾಟವಾಯಿತು. ಆ ಡಾಲರುಗಳನ್ನು ನಂಬಿದ್ದ ಸರ್ಟಿಫಿಕೇಟುಗಳನ್ನು ಇಲ್ಲಿ ವಾಪಸು ಪಡೆದು ಬೇರೆ ನೋಟು ಕೊಡಬೇಕಾಯಿತು. ನಿಮ್ಮಲ್ಲಿರುವ 1919ರ ಐದನೇ ಜಾರ್ಜ್ ರೂಪಾಯಿಯ ಬೆಳ್ಳಿ ಇಲ್ಲಿಂದಲೇ ಹೋದದ್ದಿರಬಹುದು, ಮಾವ!

ನಿಮಗೊಂದು ನಕ್ಷತ್ರದ ನೋಟು ಕೊಂಡಿದ್ದೇನೆ. ದಯವಿಟ್ಟು ಲ್ಯಾಮಿನೇಶನ್ ಮಾಡಿಸಬೇಡಿ, ಇಸ್ತ್ರಿಯನ್ನಂತೂ ಹಾಕಲೇಬೇಡಿ. ಹವಾಯಿಯದು ಬೇಕಿದ್ದರೆ ಬೇಗ ಬರೆಯಿರಿ. ಬೆಲೆ ಮಾತ್ರ ಅತ್ತೆಗೆ ತಿಳಿಯದಿರಲಿ.

ಇಂತಿ ನಿಮ್ಮ ಪ್ರೀತಿಯ
ಸೊಸೆ