ಲಾವಣಿಯ ಊರುಗೋಲು

1969ರ ಮೇ 12ರ ನಸುಕಿನಲ್ಲಿ ಬರ್ಮಿಂಗ್‌ಹ್ಯಾಮ್‌ನಿಂದ ಲಂಡನ್ನಿಗೆ ಮರಳುತ್ತಿದ್ದ ವ್ಯಾನೊಂದು ಎಂ-1 ಹೆದ್ದಾರಿ ಬಿಟ್ಟು ಉರುಳಿಬಿತ್ತು. ಒಳಗಿದ್ದವರು ರಾತ್ರಿಯ ಕಾರ್ಯಕ್ರಮ ಮುಗಿಸಿ ಹೊರಟಿದ್ದ 'ಫೇರ್‌ಪೋರ್ಟ್ ಕನ್ವೆನ್ಷನ್' ಎಂಬ ಸಂಗೀತ ತಂಡದ ಹುಡುಗರು. ಡ್ರಮ್ಸ್ ನುಡಿಸುತ್ತಿದ್ದ ಮಾರ್ಟಿನ್ ಲ್ಯಾಂಬಲ್ ತೀರಿಕೊಂಡ. ವಯಸ್ಸು 19. ಗಿಟಾರ್ ವಾದಕ ರಿಚರ್ಡ್ ಥಾಂಪ್ಸನ್‌ನ ಗೆಳತಿ ಜೀನಿ ಫ್ರಾಂಕ್ಲಿನ್ ಕೂಡ ಉಳಿಯಲಿಲ್ಲ. ಗಾಯಕಿ ಸ್ಯಾಂಡಿ ಡೆನ್ನಿ ಅಂದು ಬೇರೆ ವಾಹನದಲ್ಲಿ ಹೊರಟಿದ್ದರಿಂದ ಪಾರಾದಳು.

ಉಳಿದವರೂ ಹಿರಿಯರೇನಲ್ಲ. ಥಾಂಪ್ಸನ್‌ಗೆ 20, ಸೈಮನ್ ನಿಕೋಲ್‌ಗೆ 18. ಫೇರ್‌ಪೋರ್ಟ್ ಎಂಬುದು ಉತ್ತರ ಲಂಡನ್ನಿನಲ್ಲಿದ್ದ ನಿಕೋಲ್‌ನ ಮನೆಯ ಹೆಸರು. ಅಲ್ಲಿ ಕೂತು ಗಿಟಾರ್ ಬಾರಿಸುತ್ತಿದ್ದ ಹುಡುಗರು 1967ರಲ್ಲಿ ತಂಡ ಕಟ್ಟಿದಾಗ ಅವರ ಕಣ್ಣೆಲ್ಲ ಅಮೆರಿಕದ ಮೇಲೆ. ಬಾಬ್ ಡಿಲನ್, ಜೋನಿ ಮಿಚೆಲ್ ಅವರ ಹಾಡುಗಳೇ ಬಂಡವಾಳ.

ಅಪಘಾತದ ನಂತರ ತಂಡವನ್ನೇ ಮುಚ್ಚಿಬಿಡುವ ಮಾತು ಬಂತು. ಮುಂದುವರಿಯುವುದಾದರೆ ಮಾರ್ಟಿನ್ ಜೊತೆ ನುಡಿಸಿದ ಹಾಡುಗಳನ್ನು ಮತ್ತೆ ಮುಟ್ಟುವುದು ಬೇಡ ಎಂದು ಕೊನೆಗೆ ತೀರ್ಮಾನವಾಯಿತು. ಅವನ ಪೆಟ್ಟು ಇನ್ನೂ ಕಿವಿಯಲ್ಲಿರುವಾಗ ಮತ್ತೊಬ್ಬನ ಪೆಟ್ಟಿಗೆ ಅದೇ ಹಾಡು ಹಾಡುವುದಾದರೂ ಹೇಗೆ? ಹಾಗಾದರೆ ಹಾಡುವುದೇನನ್ನು?

ದಾರಿ ಆಗಲೇ ಒಮ್ಮೆ ಕಣ್ಣಿಗೆ ಬಿದ್ದಿತ್ತು. ಅಪಘಾತಕ್ಕೆ ಮೊದಲೇ ಧ್ವನಿಮುದ್ರಣಗೊಂಡಿದ್ದ 'ಅನ್‌ಹಾಫ್‌ಬ್ರಿಕಿಂಗ್' ಆಲ್ಬಮ್‌ನಲ್ಲಿ 'ಎ ಸೇಲರ್ಸ್ ಲೈಫ್' ಎಂಬ ಹನ್ನೊಂದು ನಿಮಿಷದ ಹಾಡಿದೆ. ಅದು ಸ್ಯಾಂಡಿ ಜತೆಗೆ ತಂದ ಹಳೆಯ ಇಂಗ್ಲಿಷ್ ಜನಪದ ಗೀತೆ. ಡೇವ್ ಸ್ವಾರ್‌ಬ್ರಿಕ್‌ನನ್ನು ಪಿಟೀಲಿಗೆ ಕರೆಸಿ ಒಂದೇ ಸಲಕ್ಕೆ ನುಡಿಸಿ ಮುಗಿಸಿದ್ದರು. ಅದರಲ್ಲಿ ಡ್ರಮ್ಸ್ ಹಿಡಿದವನು ಮಾರ್ಟಿನ್ನೇ ಎಂಬುದನ್ನು ನೆನೆದರೆ ಮನಸ್ಸು ಒಂದು ಕ್ಷಣ ನಿಲ್ಲುತ್ತದೆ.

ಆ ಬೇಸಿಗೆಯಲ್ಲಿ ತಂಡ ಹ್ಯಾಂಪ್‌ಶೈರ್‌ನ ಫಾರ್ಲಿ ಚೇಂಬರ್ಲೇನ್ ಎಂಬ ಹಳ್ಳಿಯ ಹಳೆಯ ಮನೆಯೊಂದನ್ನು ಸೇರಿತು. ಸ್ವಾರ್‌ಬ್ರಿಕ್ ಈಗ ತಂಡದವನೇ ಆದ. ಅವನಿಗೆ ಆಗ 28. ಈ ಹುಡುಗರ ನಡುವೆ ಯಜಮಾನನೆಂದೇ ಹೇಳಬೇಕು. ಡ್ರಮ್ಸ್‌ಗೆ ಬಂದ ಡೇವ್ ಮ್ಯಾಟಕ್ಸ್ ನೃತ್ಯಶಾಲೆಗಳ ವಾದ್ಯಗೋಷ್ಠಿಯಲ್ಲಿ ಪಳಗಿದವನು. ಜನಪದ ಹಾಡು ಅವನಿಗೆ ಹೊಸದು. ಬೇಸ್ ಗಿಟಾರಿನ ಆ್ಯಶ್ಲಿ ಹಚಿಂಗ್ಸ್ ಲಂಡನ್ನಿನ ಸೆಸಿಲ್ ಶಾರ್ಪ್ ಹೌಸ್‌ನ ಗ್ರಂಥಭಂಡಾರದಲ್ಲಿ ಹಳೆಯ ಹಾಡುಗಳನ್ನು ಕೆದಕತೊಡಗಿದ.

ಅಲ್ಲಿ ಸಿಕ್ಕವು ಲಾವಣಿಗಳು. ಇಂಥ ಲಾವಣಿಗೆ ಒಂದು ಗುಣವಿದೆ: ಅದು ಅಳುವುದಿಲ್ಲ. 'ಮ್ಯಾಟಿ ಗ್ರೋವ್ಸ್' ನೋಡಿ. ಹಬ್ಬದ ದಿನ ದೊರೆಯ ಹೆಂಡತಿ ಮ್ಯಾಟಿ ಎಂಬ ಯುವಕನನ್ನು ಮನೆಗೆ ಕರೆಯುತ್ತಾಳೆ. ಆಳೊಬ್ಬ ಓಡಿ ಸುದ್ದಿ ಮುಟ್ಟಿಸುತ್ತಾನೆ. ದೊರೆ ಬಂದು ಮೊದಲು ಅವನನ್ನು, ಆಮೇಲೆ ಅವಳನ್ನು ಕೊಲ್ಲುತ್ತಾನೆ. ಕಡೆಗೆ ಇಬ್ಬರಿಗೂ ಒಂದೇ ಗೋರಿ, ಆದರೆ ಅವಳು ಮೇಲೆ, ಏಕೆಂದರೆ ಅವಳದು ದೊಡ್ಡ ಕುಲ! ಇಷ್ಟನ್ನೂ ಸ್ಯಾಂಡಿ ನೆರೆಮನೆಯ ಸುದ್ದಿ ಹೇಳಿದಂತೆ ಹಾಡುತ್ತಾಳೆ. ಮಾತು ಮುಗಿದ ಮೇಲೆ ಪಿಟೀಲು, ಗಿಟಾರುಗಳೆರಡೂ ಒಂದನ್ನೊಂದು ಅಟ್ಟಿಕೊಂಡು ಓಡುತ್ತವೆ. ದುಃಖ, ಸಿಟ್ಟು ಎಲ್ಲ ಅಲ್ಲಿ. ತಮ್ಮ ಮನೆಯ ಸಾವಿನ ಬಗ್ಗೆ ಬಾಯಿ ಬಿಡಲಾಗದವರಿಗೆ ಮುನ್ನೂರು ನಾನೂರು ವರ್ಷ ಹಿಂದಿನ ಸಾವೊಂದು ಊರುಗೋಲಾಯಿತು ಎನ್ನಬಹುದೇ? ಥಾಂಪ್ಸನ್ ಮಾತ್ರ 'ವಿಲ್ಲೀ ಓ ವಿನ್ಸ್‌ಬರಿ' ಎಂಬ ಹಳೆಯ ಧಾಟಿಗೆ ತನ್ನದೇ ಮಾತು ಹೊಂದಿಸಿ 'ಫೇರ್‌ವೆಲ್, ಫೇರ್‌ವೆಲ್' ಬರೆದ. ಮೂರು ನಿಮಿಷವೂ ಇಲ್ಲದ ಹಾಡು. ಅದರಲ್ಲಿ ಯಾರ ಹೆಸರೂ ಇಲ್ಲ.

1969ರ ಸೆಪ್ಟೆಂಬರ್ 24ರಂದು ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ಈ ಹಾಡುಗಳ ಕಛೇರಿ ನಡೆಯಿತು. ಅಪಘಾತವಾಗಿ ನಾಲ್ಕೂವರೆ ತಿಂಗಳಾಗಿತ್ತು ಅಷ್ಟೆ. ಅವರಿಗೆ ಮೊದಲು ಹಾಡಿದವರಲ್ಲಿ ನಿಕ್ ಡ್ರೇಕ್ ಎಂಬ ನಾಚಿಕೆಯ ಹುಡುಗನೂ ಇದ್ದ. ಈಗೆಲ್ಲ ಮೊದಲು ಆಲ್ಬಮ್, ಆಮೇಲೆ ಪ್ರವಾಸ. ಇಲ್ಲಿ ಉಲ್ಟಾ. ಹಾಡುಗಳು ಜನರೆದುರು ನಿಂತು ಗೆದ್ದ ನಂತರವೇ ಸ್ಟುಡಿಯೋ ಸೇರಿದವು. ಡಿಸೆಂಬರಿನಲ್ಲಿ 'ಲೀಜ್ ಅಂಡ್ ಲೀಫ್' ಹೊರಬಂತು. ವಿದ್ಯುತ್ ಗಿಟಾರ್ ತಗುಲಿದರೆ ಜನಪದ ಮೈಲಿಗೆಯಾಗುತ್ತದೆ ಎನ್ನುವ ಮಡಿವಂತರು ಎಲ್ಲ ದೇಶಗಳಲ್ಲೂ ಇರುತ್ತಾರೆ. ಅದೇನೇ ಇರಲಿ, 2006ರಲ್ಲಿ ಬಿಬಿಸಿ ರೇಡಿಯೋ-2ರ ಜನಪದ ಪ್ರಶಸ್ತಿ ಸಮಾರಂಭದಲ್ಲಿ ಸಾರ್ವಕಾಲಿಕ ಪ್ರಭಾವಶಾಲಿ ಜನಪದ ಆಲ್ಬಮ್ ಎಂಬ ಗೌರವ ಸಂದದ್ದು ಇದಕ್ಕೇ.

ವಿಚಿತ್ರವೆಂದರೆ ಆಲ್ಬಮ್ ಅಂಗಡಿಗೆ ಬರುವಷ್ಟರಲ್ಲಿ ತಂಡ ಒಡೆದಿತ್ತು. ಹಚಿಂಗ್ಸ್‌ಗೆ ಇನ್ನಷ್ಟು ಹಳೆಯ ಹಾಡು ಬೇಕು, ಸ್ಯಾಂಡಿಗೆ ತಾನೇ ಬರೆದ ಹಾಡು ಹಾಡಬೇಕು. ಇಬ್ಬರೂ ಬಿಟ್ಟುಹೋದರು. ಸ್ಯಾಂಡಿ 1978ರಲ್ಲಿ, 31ನೇ ವಯಸ್ಸಿನಲ್ಲಿ ತೀರಿಕೊಂಡಳು.

2007ರ ಆಗಸ್ಟ್‌ನಲ್ಲಿ ಆಕ್ಸ್‌ಫರ್ಡ್‌ಶೈರ್‌ನ ಕ್ರೊಪ್ರೆಡಿ ಹಳ್ಳಿಯ ಬಯಲಿನಲ್ಲಿ ಆ ಐವರು ಗಂಡಸರು ಮತ್ತೆ ಸೇರಿ ಇಡೀ ಆಲ್ಬಮ್ ನುಡಿಸಿದರು. ಸ್ಯಾಂಡಿಯ ಜಾಗದಲ್ಲಿ ನಿಂತು ಹಾಡಿದವಳು ಕ್ರಿಸ್ ವೈಲ್. ಕ್ರೊಪ್ರೆಡಿಯಲ್ಲಿ ವರ್ಷವರ್ಷವೂ ನಡೆಯುವ ಈ ಉತ್ಸವಕ್ಕೆ ಒಂದು ವಾಡಿಕೆಯಿದೆ. ಮುಕ್ತಾಯಕ್ಕೆ ಥಾಂಪ್ಸನ್ ಹದಿಹರೆಯದಲ್ಲಿ ಬರೆದ 'ಮೀಟ್ ಆನ್ ದಿ ಲೆಡ್ಜ್' ಹಾಡಬೇಕು. ಕೇಳಲು ಬಂದವರೂ ದನಿಗೂಡಿಸುತ್ತಾರೆ. ಅದು 1968ರ ಹಾಡು. ಆ ಮೊದಲ ಮುದ್ರಣದಲ್ಲಿ ಡ್ರಮ್ಸ್ ನುಡಿಸಿದವನು ಮಾರ್ಟಿನ್ ಲ್ಯಾಂಬಲ್.