ಎಡಗಡೆ ತಳ್ಳಬಾರದೆ?

ಬೇಸ್‌ಬಾಲ್ ತಂಡ ಬಾಲ್ಟಿಮೋರ್ ಓರಿಯೋಲ್ಸ್‌ನ ಕ್ರಿಸ್ ಡೇವಿಸ್ ಆಡಿದ ಹಳೆಯ ವಿಡಿಯೊ ಕಣ್ಣಿಗೆ ಬಿದ್ದರೆ ನನಗೆ ಇವತ್ತಿಗೂ ರೇಗುತ್ತದೆ. ಎಡಗೈ ಆಟಗಾರ, ಚೆಂಡನ್ನು ಬಲಕ್ಕೇ ಎತ್ತಿ ಬಾರಿಸುವ ಗೀಳು. ಎದುರಾಳಿಗಳಿಗೂ ಅದು ಗೊತ್ತು. ಫೀಲ್ಡರ್‌ಗಳನ್ನು ಬಲಗಡೆಗೆ ಸರಿಸಿಬಿಡುತ್ತಿದ್ದರು. ಎಡಕ್ಕೆ, ಮೂರನೇ ಬೇಸಿನ ಕಡೆ, ಮದುವೆ ಮುಗಿದ ಛತ್ರದಷ್ಟು ಖಾಲಿ. ಅಲ್ಲಿಗೊಂದು ತಳ್ಳಿ ಓಡಬಾರದೆ ಮಾರಾಯ? ಕ್ರಿಕೆಟ್ ನೋಡಿ ಬೆಳೆದವರಿಗೆ ಇದು ಸಹಿಸಲಾಗದ ಸಂಕಟ. 2013ರಲ್ಲಿ 53 ಹೋಮ್ ರನ್ ಸಿಡಿಸಿ, 2016ರಲ್ಲಿ ಏಳು ವರ್ಷಕ್ಕೆ 16.1 ಕೋಟಿ ಡಾಲರ್ ಒಪ್ಪಂದ ಗಿಟ್ಟಿಸಿದ ಪುಣ್ಯಾತ್ಮ 2018ರಲ್ಲಿ .168 ಸರಾಸರಿಗೆ ಇಳಿದರು. ಅಂದರೆ ನೂರಕ್ಕೆ ಹದಿನೇಳು ಹಿಟ್ ಕೂಡ ಇಲ್ಲ. ಆ ವರ್ಷದ ಕೊನೆಯಿಂದ ಮುಂದಿನ ಏಪ್ರಿಲ್‌ವರೆಗೆ ಸತತ 54 ಸಲ ಬರಿಗೈ.

ಬೈಯಲು ಬಾಯಿ ತೆರೆದಾಗಲೆಲ್ಲ ಟೆಡ್ ವಿಲಿಯಮ್ಸ್ ಅಡ್ಡ ಬರುತ್ತಾರೆ. 1941ರಲ್ಲಿ .406 ಸರಾಸರಿ ಗಳಿಸಿದ ಬಾಸ್ಟನ್ನಿನ ಎಡಗೈ ದಿಗ್ಗಜ. 1946ರ ಜುಲೈ 14ರಂದು ಫೆನ್‌ವೇ ಪಾರ್ಕಿನಲ್ಲಿ ಒಂದೇ ದಿನ ಎರಡು ಪಂದ್ಯ. ಮೊದಲನೆಯದರಲ್ಲಿ ವಿಲಿಯಮ್ಸ್ ಮೂರು ಹೋಮ್ ರನ್ ಚಚ್ಚಿದರು. ಕ್ಲೀವ್‌ಲ್ಯಾಂಡಿನ ಆಟಗಾರ-ಮ್ಯಾನೇಜರ್ ಲೂ ಬುಡ್ರೋ ತಲೆ ಕೆಟ್ಟು, ಎರಡನೆಯದರಲ್ಲಿ ತಮ್ಮವರನ್ನೆಲ್ಲ ಬಲಗಡೆಗೆ ದಬ್ಬಿ ಎಡಕ್ಕೆ ಒಬ್ಬರನ್ನು ಮಾತ್ರ ಬಿಟ್ಟರು. ಎಡಕ್ಕೆ ಹೊಡಿ ಎಂದು ಟೈ ಕಾಬ್‌ರಂಥ ಹಿರಿಯರೇ ಬುದ್ಧಿ ಹೇಳಿದರು. ವಿಲಿಯಮ್ಸ್ ಬಗ್ಗಲಿಲ್ಲ. ಬಗ್ಗಿದ್ದು ಯಾವಾಗಲೋ ಒಮ್ಮೆ. ಅದೇ ಸೆಪ್ಟೆಂಬರಿನಲ್ಲಿ ಅದೇ ಕ್ಲೀವ್‌ಲ್ಯಾಂಡ್ ವಿರುದ್ಧ ಎಡಕ್ಕೆ ಹೊಡೆದು, ಚೆಂಡು ವಾಪಸು ಬರುವಷ್ಟರಲ್ಲಿ ನಾಲ್ಕೂ ಬೇಸ್ ಸುತ್ತಿಬಿಟ್ಟರು. 1-0 ಗೆಲುವು, ಲೀಗ್ ಪಟ್ಟವೂ ಬಂತು. ಬೇಲಿ ದಾಟಿಸದೆ ಓಡಿಯೇ ಗಳಿಸಿದ ಹೋಮ್ ರನ್ ಅವರ ಜೀವಮಾನದಲ್ಲಿ ಅದೊಂದೇ.

ಪಾಠ ಕಲಿತರೇ? ಎಲ್ಲಿಯ ಮಾತು! ಅಕ್ಟೋಬರಿನ ವರ್ಲ್ಡ್ ಸೀರೀಸ್‌ನಲ್ಲಿ 25ಕ್ಕೆ ಐದೇ ಹಿಟ್, ಐದೂ ಸಿಂಗಲ್. ಅದರಲ್ಲೊಂದು ಮೂರನೇ ಬೇಸಿನತ್ತ ಮೆಲ್ಲಗೆ ತಟ್ಟಿದ ಬಂಟ್. ಮರುದಿನದ ಪತ್ರಿಕೆಯಲ್ಲಿ ಅದೇ ತಲೆಬರಹ. ಬಾಸ್ಟನ್ ಸರಣಿ ಸೋತಿತು.

ವಿಲಿಯಮ್ಸ್‌ರದು ಸ್ವಾಭಿಮಾನ, ಡೇವಿಸ್‌ರದು ಮೊಂಡುತನ ಎನ್ನುತ್ತೇವೆ. ಇದು ಯಾವ ನ್ಯಾಯ? ಗಂಟೆಗೆ 95 ಮೈಲಿ ವೇಗದಲ್ಲಿ ಬರುವ ಚೆಂಡನ್ನು 'ಸುಮ್ಮನೆ ತಳ್ಳು' ಎನ್ನುವುದು ಸೋಫಾದ ಮೇಲೆ ಕುಳಿತವರ ಮಾತು. ಎಸೆಯುವವನೇನು ದಡ್ಡನೇ? ಬಲಕ್ಕಲ್ಲದೆ ಬೇರೆಲ್ಲೂ ಹೋಗದಂತೆ ಮೈಗೆ ಒತ್ತಿ ಎಸೆಯುತ್ತಾನೆ.

2023ರಲ್ಲಿ ನಿಯಮವೇ ಬದಲಾಯಿತು: ಎರಡನೇ ಬೇಸಿನ ಆ ಕಡೆ ಇಬ್ಬರು, ಈ ಕಡೆ ಇಬ್ಬರು ಇನ್‌ಫೀಲ್ಡರ್‌ಗಳು ನಿಲ್ಲಲೇಬೇಕು. ಡೇವಿಸ್ 2021ರಲ್ಲೇ ಆಟ ಬಿಟ್ಟಿದ್ದರು. ಒಪ್ಪಂದದ ಬಾಕಿ ಹಣ ಮಾತ್ರ 2037ರವರೆಗೂ ಬರುತ್ತಿರುತ್ತದೆ.