ಒಂದು ಚಹಾ ಲೋಟದಷ್ಟು ಡೀಸೆಲ್

ಹೊಸಪೇಟೆಗೆ ಬಂದವರು ತುಂಗಭದ್ರಾ ಅಣೆಕಟ್ಟೆ ನೋಡುತ್ತಾರೆ, ಹಂಪಿ ನೋಡುತ್ತಾರೆ, ಪುರುಸೊತ್ತಿದ್ದರೆ ಸಂಡೂರಿನ ಕುಮಾರಸ್ವಾಮಿ ಗುಡಿಯನ್ನೂ ನೋಡಿ ಹೋಗುತ್ತಾರೆ. ಆದರೆ ಈ ಊರುಗಳಿಗೆಲ್ಲ ತಮ್ಮನ್ನು ಕರೆದೊಯ್ದವರನ್ನು ಮಾತ್ರ ಅಷ್ಟಾಗಿ ಯಾರೂ ನೋಡುವುದಿಲ್ಲ. ಸ್ಟಿಯರಿಂಗಿನ ಹಿಂದೆ ಒಂದು ಖಾಕಿ ಬೆನ್ನು, ಚೀಲದೊಳಗೆ ಹೋಗಿ ಬರುವ ಒಂದು ಕೈ, ಇಷ್ಟೇ ನೆನಪಿನಲ್ಲಿ ಉಳಿಯುವುದು. ಈ ಭಾಗದ ಹಳ್ಳಿ ಶಾಲೆಗಳಲ್ಲಿ ವಿಜ್ಞಾನ ಕಲಿಸುತ್ತ ಇಪ್ಪತ್ತೇಳು ವರ್ಷ ಬಸ್ಸಿನಲ್ಲೇ ಓಡಾಡಿದ ನನಗೆ ಆ ಬೆನ್ನಿಗೂ ಕೈಗೂ ಸೇರಿದ ಮುಖಗಳ ಪರಿಚಯವಿದೆ. ಅವರ ಕೆಲಸದ ಲೋಕವನ್ನು ತೋರಿಸಲು ಮೂರು ದಾರಿಗಳಲ್ಲಿ ನಿಮ್ಮನ್ನು ಕರೆದೊಯ್ಯುತ್ತೇನೆ. ಮೂರೂ ಹೊಸಪೇಟೆ ಬಸ್ ನಿಲ್ದಾಣದಿಂದಲೇ ಹೊರಡುತ್ತವೆ.

ಮೊದಲಿಗೆ ಸ್ವಲ್ಪ ಚರಿತ್ರೆ. ಮೈಸೂರು ಸಂಸ್ಥಾನದಲ್ಲಿ ಸರ್ಕಾರಿ ಬಸ್ಸು ಶುರುವಾದದ್ದು 1948ರ ಸೆಪ್ಟೆಂಬರ್ 12ರಂದು, 120 ವಾಹನಗಳಿಂದ. ಆಗ ಹೊಸಪೇಟೆ ಮೈಸೂರಿಗೆ ಸೇರಿರಲಿಲ್ಲ, ಮದರಾಸು ಪ್ರಾಂತ್ಯದಲ್ಲಿತ್ತು. ಸಂಡೂರು ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನ. ಕಂಪ್ಲಿಯ ಹೊಳೆ ದಾಟಿದರೆ ನಿಜಾಮರ ಸೀಮೆ. ಅಲ್ಲಿ 1932ರಲ್ಲೇ ಸರ್ಕಾರಿ ಬಸ್ಸುಗಳು ಓಡತೊಡಗಿದ್ದವು. ಅಂದರೆ ಈಗ ಒಂದೇ ಟಿಕೆಟಿನಲ್ಲಿ ಹೋಗಿಬರುವ ದೂರದಲ್ಲಿ ಆಗ ಮೂರು ಆಡಳಿತಗಳಿದ್ದವು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಸೀಮೆ ಮೈಸೂರು ರಾಜ್ಯ ಸೇರಿತು. 1961ರಲ್ಲಿ ಸಾರಿಗೆ ನಿಗಮ ರಚನೆಯಾಯಿತು. 2000ದಲ್ಲಿ ಕಲಬುರಗಿಯನ್ನು ಕೇಂದ್ರವಾಗಿಟ್ಟುಕೊಂಡು ಈಶಾನ್ಯ ಕರ್ನಾಟಕದ ನಿಗಮ ಬೇರೆಯಾಯಿತು. 2021ರಲ್ಲಿ ಅದರ ಹೆಸರು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ ಎಂದಾಯಿತು. ಹೊಸಪೇಟೆ ಅದರ ಒಂದು ವಿಭಾಗ.

ಹಂಪಿಯ ದಾರಿ

ಹೊಸಪೇಟೆಯಿಂದ ಹಂಪಿಗೆ ಹದಿಮೂರು ಕಿಲೋಮೀಟರ್ ಚಿಲ್ಲರೆ. ಅನಂತಶಯನಗುಡಿ, ಕಡ್ಡಿರಾಂಪುರ ದಾಟಿದರೆ ಬಂಡೆಗಳ ನಡುವೆ ವಿರೂಪಾಕ್ಷನ ಗೋಪುರ ಕಾಣುತ್ತದೆ. ದಾರಿ ಚಿಕ್ಕದು, ಕೆಲಸ ಚಿಕ್ಕದಲ್ಲ. ಒಂದೇ ಟ್ರಿಪ್ಪಿನಲ್ಲಿ ಕಾಲೇಜು ಹುಡುಗರು, ಬಾಳೆಗೊನೆ ಇಳಿಸುವ ರೈತ, ಬೆನ್ನ ಮೇಲೆ ಮೂಟೆಯಂಥ ಚೀಲ ಹೊತ್ತ ವಿದೇಶಿಯರು, ಆಂಧ್ರದಿಂದ ಬಂದ ಯಾತ್ರಿಕರು ಎಲ್ಲರೂ ಹತ್ತುತ್ತಾರೆ. ನಿರ್ವಾಹಕ ಕನ್ನಡ, ತೆಲುಗು, ಹಿಂದಿ, ನಾಲ್ಕು ಪದ ಇಂಗ್ಲಿಷ್ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಆಡುತ್ತಾನೆ.

ಆತನ ಕೆಲಸ ಬಸ್ಸು ಹೊರಡುವ ಮೊದಲೇ ಆರಂಭವಾಗಿರುತ್ತದೆ. ಡಿಪೋದಲ್ಲಿ ಟಿಕೆಟ್ ಯಂತ್ರ ಪಡೆಯಬೇಕು, ತನ್ನ ಜೇಬಿನಲ್ಲಿರುವ ಸ್ವಂತ ಹಣ ಎಷ್ಟೆಂದು ಬರೆದಿಡಬೇಕು. ಸಂಜೆ ಲೆಕ್ಕದಲ್ಲಿ ಹಣ ಕಡಿಮೆ ಬಿದ್ದರೆ ಕೈಯಿಂದ ತುಂಬಬೇಕು. ಹೆಚ್ಚು ಬಂದರೂ ಖುಷಿ ಪಡುವಂತಿಲ್ಲ, ಎಲ್ಲಿಂದ ಬಂತೆಂದು ಪ್ರಶ್ನೆ ಬರುತ್ತದೆ. ನಡುದಾರಿಯಲ್ಲಿ ತನಿಖೆಯವರು ಹತ್ತಿದಾಗ ಟಿಕೆಟ್ ಇಲ್ಲದ ಒಬ್ಬ ಸಿಕ್ಕಿದನೆಂದರೆ ಪ್ರಯಾಣಿಕನಿಗೆ ದಂಡ, ನಿರ್ವಾಹಕನಿಗೆ ಮೆಮೊ. ಎಪ್ಪತ್ತು ಜನರ ನಡುವೆ ನುಸುಳುತ್ತ ಮುಂದಿನ ನಿಲ್ದಾಣ ಬರುವುದರೊಳಗೆ ಎಲ್ಲರಿಗೂ ಟಿಕೆಟ್ ಕೊಟ್ಟು ಮುಗಿಸಬೇಕು. "ಚಿಲ್ಲರೆ ಇಲ್ಲ ಅಂದ್ರ ಜಗಳ, ಲೇಟಾತು ಅಂದ್ರ ಜಗಳ. ಮನಿಗೆ ಹೋದ ಮ್ಯಾಲೆ ಒಂದು ತಾಸು ಯಾರ ಜೋಡೀನೂ ಮಾತು ಬ್ಯಾಡ ಅನಸ್ತೈತಿ ಸಾರ್" ಎಂದು ನಿವೃತ್ತರಾದ ಒಬ್ಬರು ನನಗೆ ಹೇಳಿದ್ದರು.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಶಾಲೆ ಕಾಲೇಜು ಬಿಡುತ್ತಿದ್ದ ಎಷ್ಟೋ ಹುಡುಗಿಯರಿಗೆ ಇದರಿಂದ ದಾರಿಯಾಯಿತು. ನನ್ನ ತರಗತಿಯಲ್ಲೇ ಕಂಡಿದ್ದೇನೆ. ಆದರೆ ಉಚಿತವೆಂದರೆ ಟಿಕೆಟ್ ಇಲ್ಲವೆಂದಲ್ಲ. ಪ್ರತಿಯೊಬ್ಬರಿಗೂ ಶೂನ್ಯ ದರದ ಟಿಕೆಟ್ ಹರಿದುಕೊಡಲೇಬೇಕು. ಜನ ಹೆಚ್ಚಾದರು, ಬಸ್ಸಿನೊಳಗಿನ ಜಾಗ ಅಷ್ಟೇ ಇತ್ತು, ನಿರ್ವಾಹಕನ ಕೈಗಳೂ ಎರಡೇ.

ಸಂಡೂರಿನ ದಾರಿ

ಸಂಡೂರಿನ ಕಡೆ ಹೊರಳಿದರೆ ಮಣ್ಣು ಕೆಂಪಾಗುತ್ತದೆ, ರಸ್ತೆ ಏರುತ್ತದೆ, ಅದಿರು ಲಾರಿಗಳು ಎದುರಾಗುತ್ತವೆ. ಗಣಿ ಭರಾಟೆಯ ವರ್ಷಗಳಲ್ಲಿ ಈ ದಾರಿಯಲ್ಲಿ ಬಸ್ಸು ಓಡಿಸಿದವರನ್ನು ಕೇಳಿ ನೋಡಿ. ರಸ್ತೆ ಎಲ್ಲಿ, ಗುಂಡಿ ಎಲ್ಲಿ ಎಂದು ಧೂಳಿನಲ್ಲಿ ಕಾಣುತ್ತಿರಲಿಲ್ಲವೆನ್ನುತ್ತಾರೆ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿದಾಗ ಲಾರಿಗಳ ಸಾಲು ಕರಗಿತು. ಮುಂದೆ ಕಟ್ಟುಪಾಡುಗಳೊಂದಿಗೆ ಗಣಿಗಳು ಮತ್ತೆ ತೆರೆದವು.

ಇಲ್ಲಿ ಪರೀಕ್ಷೆ ಚಾಲಕನದು. ಹೊಸದಾಗಿ ಸೇರಿದ ಚಾಲಕನಿಗೆ ಹಿರಿಯರೊಬ್ಬರು ಹೇಳುತ್ತಿದ್ದ ಪಾಠ ನನ್ನ ಕಿವಿಗೂ ಬಿದ್ದಿತ್ತು: "ಹಿಂದಿನ ಸೀಟಿನಾಗ ಒಬ್ಬ ಅಜ್ಜಿ ತೊಡಿಮ್ಯಾಲೆ ಮೊಸರಿನ ಗಡಿಗಿ ಇಟಗೊಂಡು ಕುಂತಾಳ ಅಂತ ತಿಳಕೋ ತಮ್ಮಾ. ಅದು ಚೆಲ್ಲಬಾರದು, ಅಷ್ಟ." ಜಡತ್ವದ ನಿಯಮವನ್ನು ನಾನು ಇದಕ್ಕಿಂತ ಚೆನ್ನಾಗಿ ಕಲಿಸಿಲ್ಲ. ಇಳಿಜಾರಿನಲ್ಲಿ ಗೇರು ತೆಗೆದು ನ್ಯೂಟ್ರಲ್‌ನಲ್ಲಿ ಬಿಟ್ಟರೆ ಡೀಸೆಲ್ ಉಳಿಯುತ್ತದೆಂಬ ನಂಬಿಕೆ ಕೆಲವರಲ್ಲಿದೆ. ಅದು ತಪ್ಪೆಂದೂ ಆ ಹಿರಿಯರು ಹೇಳಿದರು. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ, ಡೀಸೆಲ್ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ, ಎಂಜಿನ್ನೇ ಅರ್ಧ ಬ್ರೇಕಿನ ಕೆಲಸ ಮಾಡುತ್ತದೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಸುಮ್ಮನೆ ಗುರುಗುಟ್ಟಲೂ ಡೀಸೆಲ್ ಬೇಕು, ಬ್ರೇಕಿಗೂ ಬಿಡುವಿಲ್ಲ.

ಡೀಸೆಲ್ ಮಾತು ಇಷ್ಟು ದೊಡ್ಡದಾಗಲು ಕಾರಣವಿದೆ. ಲೀಟರಿಗೆ ಎಷ್ಟು ಕಿಲೋಮೀಟರ್ ಬಂತು ಎಂಬುದು ಚಾಲಕನ ಅಂಕಪಟ್ಟಿ. ಎಲ್ಲ ಸಾರಿಗೆ ಸಂಸ್ಥೆಗಳಲ್ಲೂ ಇದನ್ನು ಲೆಕ್ಕ ಹಾಕುತ್ತಾರೆ. ಹಾಕುವುದು ತಪ್ಪಲ್ಲ, ಅದು ಜನರ ದುಡ್ಡು. ಆದರೆ ಈ ಲೆಕ್ಕದಲ್ಲಿ ನಿಮ್ಮ ಮಕ್ಕಳೂ ಸೇರಿದ್ದಾರೆ. ಹೇಗೆಂದು ನೋಡೋಣ.

ಹಲಗೆ ಬಳಪ ಹಿಡಿಯೋಣ

ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳು ಪಕ್ಕದಲ್ಲಿ ಲೆಕ್ಕ ಮಾಡಿ ನೋಡಬಹುದು. ಜನ ತುಂಬಿದ ಬಸ್ಸಿನ ತೂಕ 12,000 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ವೇಗ ಗಂಟೆಗೆ 45 ಕಿ.ಮೀ., ಅಂದರೆ ಸೆಕೆಂಡಿಗೆ 12.5 ಮೀಟರ್. ಚಲನಶಕ್ತಿ ರಾಶಿಯ ಅರ್ಧ ಗುಣಿಸು ವೇಗದ ವರ್ಗ. ಸುಮಾರು 9 ಲಕ್ಷ 37 ಸಾವಿರ ಜೂಲ್ ಬರುತ್ತದೆ. ಬ್ರೇಕ್ ಒತ್ತಿದಾಗ ಇದಿಷ್ಟೂ ಶಾಖವಾಗಿ ಗಾಳಿ ಸೇರುತ್ತದೆ. ಮತ್ತೆ ಅದೇ ವೇಗ ಮುಟ್ಟಲು ಅಷ್ಟನ್ನೂ ಡೀಸೆಲ್ಲೇ ಕೊಡಬೇಕು. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 3 ಕೋಟಿ 60 ಲಕ್ಷ ಜೂಲ್ ಶಕ್ತಿಯಿದೆ. ಎಂಜಿನ್ ಅದರಲ್ಲಿ ಮೂರನೆಯ ಒಂದು ಭಾಗವನ್ನು ಚಕ್ರಕ್ಕೆ ತಲುಪಿಸಿದರೆ 1 ಕೋಟಿ 20 ಲಕ್ಷ. ಭಾಗಿಸಿದರೆ ಒಂದು ನಿಲುಗಡೆಯ ಬೆಲೆ 80 ಮಿಲಿಲೀಟರಿನ ಆಸುಪಾಸು. ಹೋಟೆಲಿನ ಸಣ್ಣ ಚಹಾ ಲೋಟದಷ್ಟು ಡೀಸೆಲ್.

ರಸ್ತೆ ಬದಿಯಲ್ಲಿ ಪಾಸು ಹಿಡಿದು ನಿಂತ ಒಬ್ಬ ಹುಡುಗನಿಗಾಗಿ ಬಸ್ಸು ನಿಲ್ಲಿಸಿದರೆ ಆ ಲೋಟ ಖಾಲಿ. ನಿರ್ವಾಹಕನ ಚೀಲಕ್ಕೆ ಆಗ ಒಂದು ಪೈಸೆಯೂ ಬರುವುದಿಲ್ಲ, ಪಾಸಿನ ಹಣ ಎಂದೋ ಕಟ್ಟಿಯಾಗಿದೆ. ಚಾಲಕನ ಅಂಕ ಇಳಿಯುತ್ತದೆ, ವೇಳೆ ಒಂದು ನಿಮಿಷ ಜಾರುತ್ತದೆ. ಲೀಟರಿಗೆ ಐದು ಕಿ.ಮೀ. ಕೊಡುವ ಬಸ್ಸು 30 ಕಿ.ಮೀ. ಹೋಗಲು ಆರು ಲೀಟರ್ ಕುಡಿಯುತ್ತದೆ. ದಾರಿಯಲ್ಲಿ ಇಪ್ಪತ್ತು ಸಲ ನಿಂತರೆ ಅದರಲ್ಲಿ ಒಂದೂವರೆ ಲೀಟರಿಗೂ ಹೆಚ್ಚು ನಿಲುಗಡೆಗೇ ಹೋಯಿತು. ಇಷ್ಟಾದರೂ ದಿನವೂ ಸಾವಿರಾರು ಸಲ "ಹೋಲ್ಡಾನ್" ಎಂಬ ಕೂಗು ಕೇಳುತ್ತದೆ, ಬಸ್ಸು ನಿಲ್ಲುತ್ತದೆ, ಹುಡುಗ ಹತ್ತುತ್ತಾನೆ. ಕೆಲವು ಸಲ ನಿಲ್ಲುವುದಿಲ್ಲ. ನಿಲ್ಲದ ಬಸ್ಸಿಗೆ ಬೈಯುವ ನಾವು ನಿಂತ ಬಸ್ಸನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಕಂಪ್ಲಿಯ ದಾರಿ

ಮೂರನೆಯ ದಾರಿ ಕಮಲಾಪುರ ದಾಟಿ ಬಾಳೆ, ಕಬ್ಬು, ಭತ್ತದ ಗದ್ದೆಗಳ ನಡುವೆ ಕಂಪ್ಲಿಗೆ ಹೋಗುತ್ತದೆ. ಊರಾಚೆ ತುಂಗಭದ್ರೆಯ ಸೇತುವೆ, ಅದರಾಚೆ ಗಂಗಾವತಿ ಸೀಮೆ. ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟ ಮಳೆಗಾಲದಲ್ಲಿ ಈ ಸೇತುವೆ ಮುಳುಗುತ್ತದೆ. ಆಗ ಗಂಗಾವತಿಗೆ ಹೋಗುವವರು ಬುಕ್ಕಸಾಗರ ಕಡೇಬಾಗಿಲು ಸೇತುವೆಯ ಮೇಲೆ ಸುತ್ತು ಹಾಕಬೇಕು. ಸುತ್ತಿನ ದಾರಿಯಲ್ಲಿ ವೇಳೆ ತಪ್ಪುತ್ತದೆ, ಊಟದ ಹೊತ್ತು ತಪ್ಪುತ್ತದೆ, ಬೈಗುಳ ಮಾತ್ರ ತಪ್ಪುವುದಿಲ್ಲ.

ಈ ಕಡೆಯ ಹಳ್ಳಿಗಳ ವಸ್ತಿ ಬಸ್ಸು ಮಕ್ಕಳೆಲ್ಲರಿಗೂ ಗೊತ್ತು. ರಾತ್ರಿ ಕೊನೆಯ ಟ್ರಿಪ್ಪಿಗೆ ಬಂದು ಊರಲ್ಲೇ ತಂಗಿ ಬೆಳಗಿನ ಮೊದಲ ಟ್ರಿಪ್ಪಿಗೆ ಹೊರಡುವ ಬಸ್ಸು ಅದು. ಚಾಲಕ ನಿರ್ವಾಹಕರಿಬ್ಬರೂ ಬಸ್ಸಿನ ಸೀಟಿನಲ್ಲೋ ಗುಡಿಯ ಕಟ್ಟೆಯ ಮೇಲೋ ಮಲಗುತ್ತಾರೆ. ಯಾರದೋ ಮನೆಯಿಂದ ರೊಟ್ಟಿ ಪಲ್ಯ ಬರುತ್ತದೆ. ನಸುಕಿನಲ್ಲಿ ಹಾರನ್ ಕೇಳಿದ ಮೇಲೆ ಊರು ಏಳುತ್ತದೆ. ಜೋಡಿ ಹೊಂದಿಕೊಂಡರೆ ಈ ಕೆಲಸ ಸುಖ, ಹೊಂದದಿದ್ದರೆ ಅದೇ ಬಸ್ಸು ಸೆರೆಮನೆ. ಒಂದು ಸೀಟಿಗೆ ನಿಲ್ಲು, ಎರಡು ಸೀಟಿಗೆ ಹೊರಡು ಎಂಬ ಭಾಷೆಯಾಚೆಗೂ ಅವರ ನಡುವೆ ಮಾತಿಲ್ಲದ ತಿಳಿವಳಿಕೆ ಬೇಕು. ನಾನು ಬಲ್ಲ ಒಬ್ಬ ನಿರ್ವಾಹಕಿಗೆ ಕಷ್ಟ ಇನ್ನೊಂದು ಬಗೆಯದು. ಕೊನೆಯ ಹಳ್ಳಿಗಳಲ್ಲಿ ಶೌಚಾಲಯವಿಲ್ಲ. "ನಾನು ಡ್ಯೂಟಿ ದಿನ ನೀರ ಕಡಿಮಿ ಕುಡಿಯೋದು ಸಾರ್" ಎಂದು ಆಕೆ ಸಹಜವಾಗಿ ಹೇಳಿದಾಗ, ಮಕ್ಕಳಿಗೆ ದಿನಕ್ಕೆಷ್ಟು ನೀರು ಕುಡಿಯಬೇಕೆಂದು ಪಾಠ ಮಾಡುವ ನನಗೆ ಉತ್ತರ ಹೊಳೆಯಲಿಲ್ಲ.

ಇವರ ದುಡಿಮೆಗೆ ಕಾನೂನಿನ ಮಿತಿ ಇದೆ. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯ ಪ್ರಕಾರ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಎಂದಿತ್ತು; ದೂರದ ದಾರಿಗಳಿಗೂ ಹಬ್ಬ ಜಾತ್ರೆಗಳಿಗೂ ಸ್ವಲ್ಪ ಸಡಿಲಿಕೆ ಇತ್ತು. ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆಯಾದರೂ ಬಿಡುವು, ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವೆ ಒಂಬತ್ತು ಗಂಟೆ ವಿಶ್ರಾಂತಿ ಕೊಡಬೇಕೆಂದು ಅದರಲ್ಲಿತ್ತು. ಹುಣ್ಣಿಮೆಗೆ ಹುಲಿಗಿಗೆ ಜನ ಹೊರಟಾಗ, ಹಂಪಿ ಉತ್ಸವಕ್ಕೆ ವಿಶೇಷ ಬಸ್ಸು ಬಿಟ್ಟಾಗ ಈ ಗಂಟೆಗಳನ್ನು ಹೊಂದಿಸುವುದು ಡಿಪೋದವರಿಗೂ ಸುಲಭವಲ್ಲ. ಸಂಬಳದ ಮಾತೂ ಇದೆ. ಸರ್ಕಾರಿ ನೌಕರರಿಗೆ ಸಮನಾದ ವೇತನ ಬೇಕೆಂದು 2021ರ ಏಪ್ರಿಲ್ 7ರಿಂದ ರಾಜ್ಯದ ಸಾರಿಗೆ ನೌಕರರು ಮುಷ್ಕರ ಹೂಡಿದರು. ಎರಡು ವಾರ ಬಸ್ಸುಗಳು ಬಹುಪಾಲು ನಿಂತವು. ವರ್ಗಾವಣೆ, ವಜಾ ಆದೇಶಗಳೂ ಹೊರಟವು. ಬಸ್ಸಿಲ್ಲದ ಆ ದಿನಗಳಲ್ಲಿ ಅವರ ಕೆಲಸದ ತೂಕ ಹಳ್ಳಿಗಳಿಗೆ ತಿಳಿಯಿತು.

ಎರಡು ಪುಸ್ತಕಗಳು

ಚಾಲಕನ ಲಾಗ್ ಶೀಟಿನಲ್ಲಿ ಕಿಲೋಮೀಟರ್, ಡೀಸೆಲ್, ವೇಳೆ ಬರೆದಿರುತ್ತದೆ. ನನ್ನ ಹಾಜರಿ ಪುಸ್ತಕದಲ್ಲಿ ಮಕ್ಕಳ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಇರುತ್ತದೆ. ಬಸ್ಸು ನಿಲ್ಲದ ದಿನ ಮೊದಲ ಪಿರಿಯಡ್ ತಪ್ಪಿತೆಂದು ಅವರ ಶೀಟಿನಲ್ಲಿ ಬರೆಯುವುದಿಲ್ಲ. ಆ ಮಗುವಿಗಾಗಿ ಒಂದು ಲೋಟ ಡೀಸೆಲ್ ಸುಟ್ಟಿತೆಂದು ನನ್ನ ಪುಸ್ತಕದಲ್ಲಿ ಬರೆಯುವುದಿಲ್ಲ. ಎರಡೂ ಒಂದೇ ಮಗುವಿನ ಲೆಕ್ಕ, ಆದರೆ ಎರಡೂ ಎಂದೂ ಒಂದು ಮೇಜಿನ ಮೇಲೆ ಕೂಡಿಲ್ಲ.

ನಮ್ಮ ಕಡೆಯ ಒಂದು ಊರಿನಲ್ಲಿ ಇದಕ್ಕೊಂದು ಸಣ್ಣ ಉಪಾಯ ನಡೆಯಿತು. ಅಲ್ಲಿ ಮಕ್ಕಳು ಅಗಸೆಯ ಹತ್ತಿರ ಕೆಲವರು, ಹಾಲಿನ ಡೇರಿಯ ಹತ್ತಿರ ಕೆಲವರು, ಕಾಲುವೆ ಹತ್ತಿರ ಕೆಲವರು ನಿಲ್ಲುತ್ತಿದ್ದರು. ಮೂರು ಕಡೆ ಕೈ ಅಡ್ಡ, ಮೂರು ಲೋಟ ಡೀಸೆಲ್. ಚಾಲಕ ಒಂದು ಕಡೆ ನಿಲ್ಲಿಸಿ ಉಳಿದೆರಡು ಕಡೆ ಹಾಗೇ ಹೋಗುತ್ತಿದ್ದ. ಮಕ್ಕಳ ಜೊತೆ ಮೇಲಿನ ಲೆಕ್ಕ ಮಾಡಿದ ಮೇಲೆ ಪಾಲಕರು ಕೂಡಿ ಮಾತಾಡಿ, ಎಲ್ಲರೂ ಡೇರಿಯ ಮುಂದೆಯೇ ಸಾಲಾಗಿ ನಿಲ್ಲಬೇಕೆಂದು ಗೊತ್ತು ಮಾಡಿದರು. ಪಾಸು ಕೈಯಲ್ಲಿ, ಚೀಲ ಹೆಗಲಿನಿಂದ ಕೆಳಗೆ. ಶಾಲೆಯಿಂದ ಮಕ್ಕಳ ಸಂಖ್ಯೆ, ವೇಳೆ ಬರೆದು ಡಿಪೋಕ್ಕೆ ಒಂದು ಕಾಗದ ಹೋಯಿತು. ಈಗ ಆ ಬಸ್ಸು ಅಲ್ಲಿ ನಿಲ್ಲುತ್ತದೆ. ಎಲ್ಲ ದಿನವೂ ಅಲ್ಲ. ಬಾಗಿಲಲ್ಲೇ ಜನ ಜೋತುಬಿದ್ದಿರುವ ಸೋಮವಾರಗಳಂದು ಚಾಲಕ ಕೈ ಬೀಸಿ ಹಿಂದಿನ ಬಸ್ಸು ತೋರಿಸುತ್ತಾನೆ. ಅದಕ್ಕೆ ಇನ್ನೊಂದು ಬಸ್ಸೇ ಬೇಕು, ಸಾಲಿನಿಂದ ಆಗುವ ಕೆಲಸವಲ್ಲ ಅದು.

ಪಾಲಕರಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ಊರಿನ ನಿಲುಗಡೆಗಳನ್ನು ಒಮ್ಮೆ ಎಣಿಸಿ, ಶಾಲೆಯವರನ್ನು ಜೊತೆಗಿಟ್ಟುಕೊಂಡು ಡಿಪೋದವರ ಜೊತೆ ಕೂತು ಮಾತಾಡಿ. ಬಸ್ಸು ಸಾಲದಿದ್ದರೆ ಚಾಲಕನನ್ನು ಅಡ್ಡಗಟ್ಟಬೇಡಿ, ಬಸ್ಸು ಕೊಡಬೇಕಾದವರನ್ನು ಕೇಳಿ. ವಿದ್ಯಾರ್ಥಿಗಳೇ, ಮೆಟ್ಟಿಲ ಮೇಲೆ ನಿಲ್ಲದೆ ಒಳಗೆ ಸರಿಯಿರಿ, ಕೇಳುವ ಮೊದಲೇ ಪಾಸು ತೋರಿಸಿ. ಇಳಿಯುವಾಗ "ಬರ್ತೀನಿ ಅಣ್ಣಾ" ಎಂದು ಒಂದು ಮಾತು ಹೇಳಿ. ಮರುದಿನ ಬೆಳಿಗ್ಗೆ ದೂರದಿಂದಲೇ ನಿಮ್ಮ ಗುರುತು ಹತ್ತಿದರೆ ಬ್ರೇಕಿನ ಮೇಲೆ ಕಾಲಿಡಬೇಕಾದವನು ಅವನೇ.